ಆಮ್‌ಸ್ಟರ್‌ಡ್ಯಾಮ್‌ನ ಗೋಡೆಚಿತ್ರಗಳು ಮತ್ತು ರಾತ್ರಿ ಬದುಕು: ಮಧ್ಯಾಹ್ನದಿಂದ ನಸುಕಿನವರೆಗೆ ನಡೆದು ನೋಡುವವರಿಗೊಂದು ಸಮಗ್ರ ಮಾರ್ಗದರ್ಶಿ

ಆಮ್‌ಸ್ಟರ್‌ಡ್ಯಾಮ್‌ನ ಸೆಂಟ್ರಾಲ್ ರೈಲು ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ಮುಂಬಾಗಿಲಿನಿಂದ ಹೊರಬಂದು, ಟ್ರಾಮ್ ಹಳಿಗಳನ್ನು ದಾಟಿ, ಡಾಮ್ ಚೌಕದ ಕಡೆಗೆ ನಡೆಯುತ್ತಾರೆ. ಗೋಡೆಚಿತ್ರಗಳನ್ನು ನೋಡಬೇಕು, ರಾತ್ರಿಯ ಸಂಗೀತ ಕೇಳಬೇಕು ಎಂದು ಬಂದವರು ಅದೇ ನಿಲ್ದಾಣದ ಹಿಂಬಾಗಿಲನ್ನು ಹಿಡಿಯಬೇಕು. ಅಲ್ಲಿ ಐ ಎಂಬ ವಿಶಾಲವಾದ ಜಲಮಾರ್ಗವಿದೆ, ಅದನ್ನು ದಾಟಿಸುವ ಉಚಿತ ದೋಣಿಗಳಿವೆ. ಈ ಮಾರ್ಗದರ್ಶಿಯ ಮುಖ್ಯ ಭಾಗವೆಲ್ಲ ಆಚೆ ದಡದಲ್ಲಿದೆ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಹದಿನೇಳನೆಯ ಶತಮಾನದಲ್ಲಿ ತೋಡಿದ ಕಾಲುವೆಗಳ ವರ್ತುಲವನ್ನು ಯುನೆಸ್ಕೊ 2010ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ಇಟ್ಟಿಗೆ ಮನೆಗಳ ಮುಖಕ್ಕೆ ಬಣ್ಣ ಬಳಿಯುವುದು ಸುಲಭದ ಮಾತಲ್ಲ. ಹೀಗಾಗಿ ನಗರದ ನಡುಭಾಗದಲ್ಲಿ ಸಣ್ಣ ಚಿತ್ರಗಳು, ಅಂಟುಚೀಟಿಗಳು, ಬಾಗಿಲ ಮೇಲಿನ ಬರಹಗಳು ಸಿಗುತ್ತವೆ. ನಾಲ್ಕು ಮಹಡಿಯೆತ್ತರದ ಚಿತ್ರಗಳು ಉತ್ತರದ ಹಳೆಯ ಹಡಗುಕಟ್ಟೆಗೂ ಪಶ್ಚಿಮದ ಬಡಾವಣೆಗಳಿಗೂ ಸರಿದಿವೆ. ರಾತ್ರಿ ಬದುಕೂ ಇದೇ ದಾರಿ ಹಿಡಿದಿದೆ. ಬೆಳಗಿನವರೆಗೆ ತೆರೆದಿರಬಹುದಾದ ಇಪ್ಪತ್ತನಾಲ್ಕು ಗಂಟೆಯ ಪರವಾನಗಿಗಳನ್ನು ನಗರಾಡಳಿತವು ಬಹುಪಾಲು ಜನವಸತಿ ದಟ್ಟವಾಗಿರುವ ಹಳೆಯ ನಗರದ ಹೊರಗೆ ಕೊಟ್ಟಿತು.

ಹೊರಡುವ ಮುನ್ನ ತಿಳಿದಿರಬೇಕಾದ ಚರಿತ್ರೆ

ಆಮ್‌ಸ್ಟರ್‌ಡ್ಯಾಮ್‌ನ ಗೋಡೆಚಿತ್ರಕ್ಕೂ ರಾತ್ರಿ ಸಂಗೀತಕ್ಕೂ ನೆಲೆ ಒದಗಿಸಿದ್ದು ಖಾಲಿ ಬಿದ್ದ ಕಟ್ಟಡಗಳು. 1960ರ ದಶಕದಿಂದಾಚೆಗೆ ನಗರದಲ್ಲಿ ಮನೆಗಳ ತೀವ್ರ ಅಭಾವವಿತ್ತು. ಇನ್ನೊಂದೆಡೆ ಮಾಲೀಕರು ಬೆಲೆ ಏರಲೆಂದು ಕಟ್ಟಡಗಳಿಗೆ ಬೀಗ ಜಡಿದಿದ್ದರು. ಯುವಕರು ಅಂಥ ಕಟ್ಟಡಗಳನ್ನು ಹೊಕ್ಕು ವಾಸಿಸತೊಡಗಿದರು. ಇವರನ್ನು ಅಲ್ಲಿ ಕ್ರಾಕರ್‌ಗಳೆನ್ನುತ್ತಾರೆ. ಒಳಗೆ ಒಂದು ಹಾಸಿಗೆ, ಒಂದು ಮೇಜು, ಒಂದು ಕುರ್ಚಿ ಇದ್ದರೆ ಅಲ್ಲಿ ವಾಸವಿದೆಯೆಂದು ಒಪ್ಪಿಕೊಳ್ಳುವ ರೂಢಿ ಬಹುಕಾಲ ನಡೆದುಬಂತು. ನ್ಯಾಯಾಲಯದ ಆದೇಶವಿಲ್ಲದೆ ಅವರನ್ನು ಎಬ್ಬಿಸುವುದು ಕಷ್ಟವಾಗಿತ್ತು. 1980ರ ಏಪ್ರಿಲ್ 30ರಂದು ರಾಣಿ ಬಿಯಾಟ್ರಿಕ್ಸ್ ಪಟ್ಟವೇರಿದಾಗ, ಮನೆ ಕೊಡದಿದ್ದರೆ ಪಟ್ಟಾಭಿಷೇಕವೂ ಬೇಡವೆಂಬ ಘೋಷಣೆಯೊಂದಿಗೆ ನಗರದಲ್ಲಿ ದೊಡ್ಡ ಗಲಭೆಗಳೇ ನಡೆದವು. ಈ ಕಟ್ಟಡಗಳ ಹೊರಗೋಡೆ ಘೋಷಣೆಗೂ ಚಿತ್ರಕ್ಕೂ ಬಳಕೆಯಾಯಿತು, ನೆಲಮಾಳಿಗೆ ಸಂಗೀತಕ್ಕೆ ಬಳಕೆಯಾಯಿತು. 2010ರ ಅಕ್ಟೋಬರ್ 1ರಿಂದ ಹೀಗೆ ಹೊಕ್ಕು ವಾಸಿಸುವುದು ಇಡೀ ದೇಶದಲ್ಲಿ ಅಪರಾಧವಾಗಿದೆ. ಆದರೂ ಕೆಲವು ಕಟ್ಟಡಗಳನ್ನು ವಾಸಿಗಳೇ ಕೊಂಡುಕೊಂಡು ಉಳಿಸಿದರು, ಇನ್ನು ಕೆಲವನ್ನು ನಗರಾಡಳಿತವೇ ಕಲಾವಿದರಿಗೆ ಕಡಿಮೆ ಬಾಡಿಗೆಗೆ ಒದಗಿಸಿತು.

ಗ್ರಾಫಿಟಿಯ, ಅಂದರೆ ಗೋಡೆಯ ಮೇಲಿನ ಬಣ್ಣದ ಬರಹದ, ಚರಿತ್ರೆಯಲ್ಲಿಯೂ ಈ ಊರಿಗೆ ಒಂದು ವಿಶೇಷವಿದೆ. ಯುರೋಪಿನ ಅನೇಕ ನಗರಗಳಿಗೆ ಗ್ರಾಫಿಟಿ ನ್ಯೂಯಾರ್ಕಿನ ಹಿಪ್‌ಹಾಪ್ ಜೊತೆಗೆ ಬಂದಿತಾದರೆ, ಇಲ್ಲಿ ಅದಕ್ಕೂ ಮೊದಲೇ, 1970ರ ದಶಕದ ಕೊನೆಯಲ್ಲಿ, ಪಂಕ್ ಸಂಗೀತದ ಹುಡುಗರು ಗೋಡೆಗಳ ಮೇಲೆ ಹೆಸರು ಬರೆಯುತ್ತಿದ್ದರು. ಡಾಕ್ಟರ್ ರಾಟ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇವಾರ್ ವಿಚ್ಸ್ ಅವರಲ್ಲಿ ಪ್ರಸಿದ್ಧ. ಆತ 1981ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ತೀರಿಕೊಂಡ. ಇದಾದ ಮೇಲೆ, 1980ರ ದಶಕದ ಆರಂಭದ ವರ್ಷಗಳಲ್ಲಿ, ಕಲಾ ವ್ಯಾಪಾರಿ ಯಾಕಿ ಕೊರ್ನ್‌ಬ್ಲಿಟ್ ತಮ್ಮ ಕಲಾ ಗ್ಯಾಲರಿಗೆ ಡೊಂಡಿ, ಸೀನ್, ಬ್ಲೇಡ್ ಮೊದಲಾದ ನ್ಯೂಯಾರ್ಕಿನ ಗ್ರಾಫಿಟಿ ಬರಹಗಾರರನ್ನು ಕರೆಸಿ ಪ್ರದರ್ಶನ ಏರ್ಪಡಿಸಿದರು. ಸ್ಥಳೀಯ ಹುಡುಗರು ಸ್ಪ್ರೇ ಕ್ಯಾನಿನ ಹೊಸ ಶೈಲಿಯನ್ನು ಹತ್ತಿರದಿಂದ ಕಂಡಿದ್ದು ಆಗ.

ಮೊದಲ ಹಂತ: ದಿನವನ್ನು ಆರಿಸಿಕೊಳ್ಳುವುದು

ಇಲ್ಲಿ ಋತುವಿಗೆ ತಕ್ಕಂತೆ ಬೆಳಕಿನ ಅವಧಿ ಬಹಳ ಬದಲಾಗುತ್ತದೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಯ ಸುಮಾರಿಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಚಳಿಗಾಲದಲ್ಲಿ ಹೋಗುವವರು ಹೊರಗಿನ ಗೋಡೆಗಳನ್ನು ಮಧ್ಯಾಹ್ನ ಮೂರರೊಳಗೆ ಮುಗಿಸಿಕೊಳ್ಳಬೇಕು. ಏಪ್ರಿಲ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಈ ತಿರುಗಾಟಕ್ಕೆ ಸೂಕ್ತವೆಂದು ನನ್ನ ಅಭಿಪ್ರಾಯ. ಎಲೆಕ್ಟ್ರಾನಿಕ್ ಸಂಗೀತಕ್ಕಾಗಿಯೇ ಹೋಗುವವರಿಗೆ ಅಕ್ಟೋಬರಿನಲ್ಲಿ ನಡೆಯುವ ಆಮ್‌ಸ್ಟರ್‌ಡ್ಯಾಮ್ ಡಾನ್ಸ್ ಈವೆಂಟ್ ಇದೆ. 1996ರಲ್ಲಿ ಆರಂಭವಾದ ಈ ಉತ್ಸವದ ದಿನಗಳಲ್ಲಿ ನಗರದ ಬಹುತೇಕ ಎಲ್ಲ ವೇದಿಕೆಗಳಲ್ಲೂ ಕಾರ್ಯಕ್ರಮವಿರುತ್ತದೆ. ಹೋಟೆಲ್ ದರಗಳೂ ಗಗನಕ್ಕೇರುತ್ತವೆ. ವಾರದ ದಿನಗಳ ಪೈಕಿ ಗುರುವಾರ ಅಥವಾ ಶುಕ್ರವಾರ ಉತ್ತಮ, ಏಕೆಂದರೆ ಶನಿವಾರ ರಾತ್ರಿಯ ನೂಕುನುಗ್ಗಲಿನಲ್ಲಿ ಒಳ್ಳೆಯ ಕೇಳುಗನಿಗೆ ನಿಲ್ಲಲು ಜಾಗ ಸಿಗುವುದಿಲ್ಲ.

ಬೆಂಗಳೂರಿನಿಂದ ಕೆಎಲ್ಎಂ ವಿಮಾನದಲ್ಲಿ ನೇರವಾಗಿ ಬರುವವರು ಇನ್ನೊಂದು ಲೆಕ್ಕ ಹಾಕಿಕೊಳ್ಳಬೇಕು. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿ ರಾತ್ರಿ ಹನ್ನೊಂದು ಹೊಡೆದಾಗ ನಮ್ಮ ದೇಹಕ್ಕೆ ನಡುರಾತ್ರಿ ಎರಡೂವರೆ ಆಗಿರುತ್ತದೆ. ಬಂದಿಳಿದ ದಿನವೇ ರಾತ್ರಿ ತಿರುಗಾಟಕ್ಕೆ ಹೊರಟರೆ ಸಂಗೀತ ಶುರುವಾಗುವ ಹೊತ್ತಿಗೆ ಕಣ್ಣು ಎಳೆಯುತ್ತಿರುತ್ತದೆ; ಎರಡನೆಯ ಅಥವಾ ಮೂರನೆಯ ದಿನಕ್ಕೆ ಇದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಕೈಯಲ್ಲಿ ಪಾಸ್‌ಪೋರ್ಟ್ ಇರಲಿ. ಹದಿನೆಂಟು ತುಂಬಿದೆಯೆಂದು ತೋರಿಸಲು ಬಾಗಿಲಲ್ಲಿ ಮೂಲ ದಾಖಲೆ ಕೇಳುವುದುಂಟು. ನಗದು ತೆಗೆದುಕೊಳ್ಳದ ಅಂಗಡಿ, ಕೆಫೆಗಳು ಅನೇಕವಿರುವುದರಿಂದ ತಾಗಿಸಿ ಹಣ ಕೊಡಬಹುದಾದ ಕಾರ್ಡ್ ಬೇಕೇಬೇಕು. ಟ್ರಾಮ್, ಬಸ್, ಮೆಟ್ರೊಗಳಿಗೂ ಅದೇ ಕಾರ್ಡನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ತಾಗಿಸಿದರೆ ಸಾಕು.

ಎರಡನೆಯ ಹಂತ: ದೋಣಿಯಲ್ಲಿ ಎನ್‌ಡಿಎಸ್ಎಂ ಹಡಗುಕಟ್ಟೆಗೆ

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಸೆಂಟ್ರಾಲ್ ನಿಲ್ದಾಣದ ಹಿಂಬದಿಯಲ್ಲಿ ಎನ್‌ಡಿಎಸ್ಎಂ ಎಂದು ಬರೆದಿರುವ ದೋಣಿಯನ್ನು ಹತ್ತಿ. ಬೌಕ್ಸ್‌ಲೋಟರ್‌ವೆಖ್‌ಗೆ ಹೋಗುವ ದೋಣಿಯೂ ಪಕ್ಕದಲ್ಲೇ ನಿಂತಿರುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ನೇರವಾಗಿ ಎದುರು ದಡಕ್ಕೆ ಒಯ್ಯುತ್ತದೆ, ನಿಮಗೆ ಈಗ ಅದು ಬೇಡ. ಎನ್‌ಡಿಎಸ್ಎಂ ದೋಣಿ ಸುಮಾರು ಹದಿನೈದು ನಿಮಿಷ ಪಶ್ಚಿಮಕ್ಕೆ ಸಾಗುತ್ತದೆ. ಎರಡಕ್ಕೂ ಟಿಕೆಟ್ ಇಲ್ಲ.

ಎನ್‌ಡಿಎಸ್ಎಂ ಒಂದು ಕಾಲಕ್ಕೆ ಸಾವಿರಾರು ಜನ ದುಡಿಯುತ್ತಿದ್ದ ಹಡಗು ಕಾರ್ಖಾನೆ. 1984ರಲ್ಲಿ ಅದು ದಿವಾಳಿಯಾಯಿತು. ಖಾಲಿಯಾದ ಶೆಡ್ಡುಗಳಿಗೆ ಕಲಾವಿದರು, ಕ್ರಾಕರ್‌ಗಳು ಬಂದು ಸೇರಿದರು. ದೋಣಿಯಿಂದ ಇಳಿದೊಡನೆ ದೊಡ್ಡ ಕಟ್ಟಡವೊಂದರ ಮೇಲೆ ಆನ್ ಫ್ರಾಂಕ್ ಮುಖ ಕಾಣಿಸುತ್ತದೆ. ಬ್ರೆಜಿಲಿನ ಎಡುವಾರ್ಡೊ ಕೋಬ್ರಾ 2016ರಲ್ಲಿ ಬಿಡಿಸಿದ ಚಿತ್ರವದು. ದೂರದಿಂದ ಒಂದೇ ಮುಖವಾಗಿ ತೋರುವ ಆ ಚಿತ್ರದ ಕೆಳಗೆ ಹೋಗಿ ನಿಂತರೆ ಕೆಂಪು, ಹಳದಿ, ನೀಲಿ, ಹಸಿರು ಚೌಕ-ತ್ರಿಕೋನಗಳ ಅಂಚುಗಳು ಬೇರೆಬೇರೆಯಾಗಿ ಬಿಡಿಸಿಕೊಳ್ಳುತ್ತವೆ. ಮೊದಲು ದೂರದಿಂದ, ಆಮೇಲೆ ಬುಡದಿಂದ, ಮತ್ತೆ ದೂರದಿಂದ ನೋಡುವ ಈ ಕ್ರಮವನ್ನು ಎಲ್ಲ ದೊಡ್ಡ ಗೋಡೆಚಿತ್ರಗಳಿಗೂ ಪಾಲಿಸಿ.

ಆ ಕಟ್ಟಡವು ಹಡಗಿನ ಉಕ್ಕಿನ ಹಾಳೆಗಳನ್ನು ಬೆಸೆಯುತ್ತಿದ್ದ ಶೆಡ್ಡು. 2020ರ ಅಕ್ಟೋಬರಿನಲ್ಲಿ ಅದರೊಳಗೆ ಸ್ಟ್ರಾಟ್ ಎಂಬ ಬೀದಿಕಲೆಯ ವಸ್ತುಸಂಗ್ರಹಾಲಯ ತೆರೆಯಿತು. ಸುಮಾರು 8,000 ಚದರ ಮೀಟರಿನ ಆ ಹಜಾರದಲ್ಲಿ ನೂರೈವತ್ತಕ್ಕೂ ಹೆಚ್ಚು ಕೃತಿಗಳು ಚಾವಣಿಯಿಂದ ತೂಗುತ್ತವೆ. ಬಹುಪಾಲು ಕಲಾವಿದರು ಇಲ್ಲಿಗೇ ಬಂದು, ಇದೇ ನೆಲದ ಮೇಲೆ ನಿಂತು ಬಿಡಿಸಿದವು ಅವು. ಬೀದಿಯ ಕಲೆಯನ್ನು ಒಳಗೆ ತಂದರೆ ಅದರ ಜೀವ ಹೋಗುತ್ತದೆಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪದಲ್ಲಿ ಸತ್ಯವಿದೆ. ಆದರೂ ಗೋಡೆಚಿತ್ರಗಳನ್ನು ಹೊಸದಾಗಿ ನೋಡತೊಡಗಿದವರು ಇಲ್ಲಿಂದಲೇ ಆರಂಭಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ರೋಲರಿನಿಂದ ಬಳಿದದ್ದು ಯಾವುದು, ಕ್ಯಾನಿನಿಂದ ಸಿಂಪಡಿಸಿದ್ದು ಯಾವುದು, ಸ್ಟೆನ್ಸಿಲ್ ಎಂಬ ಕತ್ತರಿಸಿದ ಅಚ್ಚನ್ನಿಟ್ಟು ತೆಗೆದದ್ದು ಯಾವುದು ಎಂಬುದನ್ನು ಮಳೆಗಾಳಿಯ ತೊಂದರೆಯಿಲ್ಲದೆ ಕಣ್ಣಿಗೆ ಕಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಸ್ಟೆನ್ಸಿಲಿನ ಅಂಚು ಕತ್ತರಿಸಿದಂತೆ ಚೂಪಾಗಿರುತ್ತದೆ. ಕ್ಯಾನನ್ನು ದೂರ ಹಿಡಿದು ಸಿಂಪಡಿಸಿದ ಗೆರೆಯ ಅಂಚು ಮಂಜಿನಂತೆ ಹರಡಿಕೊಂಡಿರುತ್ತದೆ. ಹತ್ತಿರ ಹಿಡಿದು ನಿಧಾನಿಸಿದ ಕಡೆ ಬಣ್ಣ ಸೋರಿ ಕೆಳಗಿಳಿದಿರುತ್ತದೆ. ಎರಡು ಗಂಟೆ ಇದಕ್ಕೆ ಮೀಸಲಿಡಿ.

ಹೊರಗೆ ಬಂದ ಮೇಲೆ ಶೆಡ್ಡುಗಳ ಹಿಂಭಾಗವನ್ನೂ ಹಳೆಯ ಹಡಗು ಇಳಿಜಾರುಗಳ ಸುತ್ತಮುತ್ತಲನ್ನೂ ನಡೆದು ನೋಡಿ. ಇಲ್ಲಿ ಒಂದರ ಮೇಲೊಂದು ಬಳಿದುಕೊಂಡೇ ಬಂದಿರುವ ಗೋಡೆಗಳಿವೆ. ಮೂಲೆಗಳಲ್ಲಿ ಬಣ್ಣದ ಹೆಕ್ಕಳಿಕೆ ಎದ್ದಿರುವ ಕಡೆ ಬಗ್ಗಿ ನೋಡಿದರೆ ತೊಗಟೆಯಷ್ಟು ದಪ್ಪನೆಯ ಪದರಗಳು ಕಾಣುತ್ತವೆ: ಬೆಳ್ಳಿ, ಕಪ್ಪು, ಗುಲಾಬಿ, ಮತ್ತೆ ಬೆಳ್ಳಿ. ಒಂದೊಂದು ಪದರವೂ ಯಾರದೋ ಒಂದು ಮಧ್ಯಾಹ್ನದ ಕೆಲಸ. ಯಾರಾದರೂ ಬರೆಯುತ್ತಿದ್ದರೆ ಮುಖದ ಫೋಟೊ ತೆಗೆಯುವ ಮುನ್ನ ಕೇಳಿಕೊಳ್ಳುವುದು ಮರ್ಯಾದೆ. ನೀವೇ ಕ್ಯಾನ್ ಹಿಡಿಯಬೇಕೆಂದಿದ್ದರೆ ಅನುಮತಿಯಿರುವ ಗೋಡೆಯಲ್ಲದೆ ಬೇರೆಡೆ ಬರೆಯಬೇಡಿ, ಅದಕ್ಕೆ ದಂಡವಿದೆ.

ಊಟಕ್ಕೆ ನೀರಿನಂಚಿನಲ್ಲಿ ಹಡಗಿನ ಕಂಟೇನರುಗಳಿಂದ ಕಟ್ಟಿದ ಪ್ಲೆಕ್ ಎಂಬ ಹೋಟೆಲಿದೆ. ತಿಂಗಳಿಗೊಮ್ಮೆ ವಾರಾಂತ್ಯದಲ್ಲಿ ಇದೇ ಕಟ್ಟೆಯಲ್ಲಿ ಐ-ಹಾಲೆನ್ ಎಂಬ ಹಳೆಯ ವಸ್ತುಗಳ ದೊಡ್ಡ ಸಂತೆ ನೆರೆಯುತ್ತದೆ. ಆ ದಿನ ದೋಣಿಗಳು ಕಿಕ್ಕಿರಿದಿರುತ್ತವೆ.

ಮೂರನೆಯ ಹಂತ: ಹಳೆಯ ನಗರದ ಸಣ್ಣ ಗುರುತುಗಳು

ಸಂಜೆ ನಾಲ್ಕರ ಹೊತ್ತಿಗೆ ಸೆಂಟ್ರಾಲ್‌ಗೆ ಮರಳಿ ಸ್ಪೌಸ್ಟ್ರಾಟ್ ಎಂಬ ಬೀದಿಯ ಗುಂಟ ದಕ್ಷಿಣಕ್ಕೆ ನಡೆಯಿರಿ. ಇಲ್ಲಿನ 199ನೇ ಸಂಖ್ಯೆಯ ಕಟ್ಟಡಕ್ಕೆ ಒಂದು ಕಾಲಕ್ಕೆ ದೊಡ್ಡ ಸರ್ಪದ ಚಿತ್ರವಿತ್ತು. ಊರವರು ಅದನ್ನು ಹಾವಿನ ಮನೆಯೆಂದೇ ಕರೆಯುತ್ತಿದ್ದರು. ಮೂರು ದಶಕಗಳ ವಾಸದ ನಂತರ 2015ರ ಮಾರ್ಚಿನಲ್ಲಿ ಪೊಲೀಸರು ಅಲ್ಲಿದ್ದವರನ್ನು ತೆರವುಗೊಳಿಸಿದರು, ಚಿತ್ರವೂ ಹೋಯಿತು. ಸ್ವಲ್ಪ ದೂರದಲ್ಲಿ 216ನೇ ಸಂಖ್ಯೆಯ ವ್ರಾಂಕ್ರೈಕ್ ಉಳಿದಿದೆ. 1982ರಲ್ಲಿ ಹೊಕ್ಕ ಈ ಕಟ್ಟಡವನ್ನು ವಾಸಿಗಳು 1990ರ ದಶಕದ ಆರಂಭದಲ್ಲಿ ಕೊಂಡುಕೊಂಡರು. ಅದರ ಬಣ್ಣದ ಮುಖ ಇಂದಿಗೂ ಬೀದಿಯಲ್ಲಿ ಎದ್ದು ಕಾಣುತ್ತದೆ, ಕೆಳಗಿನ ಪಾನಶಾಲೆಯನ್ನು ಸ್ವಯಂಸೇವಕರೇ ನಡೆಸುತ್ತಾರೆ. ಈ ಎರಡು ವಿಳಾಸಗಳನ್ನು ಒಂದರ ಬೆನ್ನಿಗೊಂದು ನೋಡಿದವರಿಗೆ ಕಟ್ಟಡದ ಒಡೆತನ ಯಾರದೆಂಬುದು ಚಿತ್ರದ ಆಯುಷ್ಯವನ್ನು ಹೇಗೆ ನಿರ್ಧರಿಸುತ್ತದೆಂಬುದು ತಿಳಿಯುತ್ತದೆ.

ಇನ್ನು ಮುಂದೆ ಕಣ್ಣು ಸಣ್ಣದನ್ನು ಹುಡುಕಬೇಕು. ಕಾಮಗಾರಿ ನಡೆಯುತ್ತಿರುವ ಕಡೆ ಅಡ್ಡಗಟ್ಟಿದ ಮರದ ಹಲಗೆಗಳ ಮೇಲೆ ಒಂದು ಸಾಲಿನ ಇಂಗ್ಲಿಷ್ ಕವಿತೆ, ಕೆಳಗೆ ಲೇಸರ್ 3.14 ಎಂಬ ಸಹಿ ಕಂಡರೆ ನಿಲ್ಲಿ. ಈ ಕಲಾವಿದ ಶಾಶ್ವತ ಗೋಡೆಗಳಿಗಿಂತ ಇಂಥ ತಾತ್ಕಾಲಿಕ ಹಲಗೆಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತಾನೆ. ಕಾಮಗಾರಿ ಮುಗಿದಾಗ ಕವಿತೆಯೂ ಹೋಗುತ್ತದೆ. ದುಂಡನೆಯ, ಕಪ್ಪು-ಬಿಳುಪಿನ ನಗುಮುಖದ ಗೊಂಬೆಗಳು ದ ಲಂಡನ್ ಪೊಲೀಸ್ ಎಂಬ ತಂಡದವು. ಹೆಸರಿನಲ್ಲಿ ಲಂಡನ್ ಇದ್ದರೂ ಆ ತಂಡ 1998ರಲ್ಲಿ ಬೀದಿಗಿಳಿದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲಿಯೇ.

ಅಲ್ಲಿಂದ ಕೆಲವೇ ನಿಮಿಷಗಳ ದೂರದಲ್ಲಿ ಸಿಂಟ್ ಲುಸಿಯೆನ್‌ಸ್ಟೇಖ್ ಎಂಬ ಕಿರಿದಾದ ಓಣಿಯಿದೆ. ಅದರ ಗೋಡೆಯೊಂದರಲ್ಲಿ, ಕೆಡವಿದ ಹಳೆಯ ಮನೆಗಳಿಂದ ತಂದ ಕೆತ್ತನೆಯ ಕಲ್ಲುಗಳನ್ನು ಸಾಲಾಗಿ ಕೂರಿಸಿದ್ದಾರೆ. ಮನೆಗಳಿಗೆ ಸಂಖ್ಯೆ ಬರುವ ಮುನ್ನ, ಹದಿನಾರು-ಹದಿನೇಳನೆಯ ಶತಮಾನಗಳಲ್ಲಿ, ಮನೆಯ ಗುರುತಿಗೂ ಯಜಮಾನನ ಕಸುಬಿನ ಸೂಚನೆಗೂ ಇಂಥ ಕಲ್ಲುಗಳನ್ನು ಬಾಗಿಲ ಮೇಲೆ ಹಾಕುತ್ತಿದ್ದರು. ಸ್ಪ್ರೇ ಬಣ್ಣದ ಬರಹಗಳ ಜೊತೆಗೆ ಈ ಕಲ್ಲುಗಳನ್ನೂ ನೋಡಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ: ಬೀದಿಯಲ್ಲಿ ಹೋಗುವವನಿಗೆ ನಾನಿಲ್ಲಿದ್ದೇನೆಂದು ಗೋಡೆಯಿಂದಲೇ ಹೇಳುವ ಅಭ್ಯಾಸ ಈ ಊರಿಗೆ ನಾನೂರು ವರ್ಷಗಳದು.

ನಾಲ್ಕನೆಯ ಹಂತ: ಸಂಜೆಯ ಗುಟುಕು ಮತ್ತು ಊಟ

ಐದು ಗಂಟೆಯಿಂದ ಏಳರವರೆಗಿನ ಹೊತ್ತು ಕಂದು ಕೆಫೆಗಳದು. ದಶಕಗಳ ತಂಬಾಕಿನ ಹೊಗೆಯಿಂದ ಗೋಡೆ, ಚಾವಣಿ ಕಂದುಗಟ್ಟಿದ್ದರಿಂದ ಈ ಹೆಸರು; 2008ರಿಂದ ಒಳಗೆ ಹೊಗೆಸೊಪ್ಪು ನಿಷಿದ್ಧ. ಯೋರ್ಡಾನ್ ಬಡಾವಣೆಯ ಕೆಫೆ ಕ್ರಿಸ್ 1624ರಿಂದ ನಡೆಯುತ್ತಿದೆ. ಡಾಮ್ ಚೌಕದ ಹಿಂದಿನ ಪೈಲ್‌ಸ್ಟೇಖ್ ಓಣಿಯಲ್ಲಿ 1679ರ ವೈನಾಂಟ್ ಫೊಕಿಂಕ್ ಇದೆ. ಅಲ್ಲಿ ಕುರ್ಚಿಗಳಿಲ್ಲ. ಯೆನೇವರ್ ಎಂಬ ಮದ್ಯವನ್ನು ಟುಲಿಪ್ ಆಕಾರದ ಪುಟ್ಟ ಗಾಜಿಗೆ ಅಂಚು ಮೀರಿ ಉಬ್ಬುವಷ್ಟು ತುಂಬುತ್ತಾರೆ, ಎತ್ತಿದರೆ ಚೆಲ್ಲುತ್ತದೆ. ಆದ್ದರಿಂದ ಕೈ ಹಿಂದಕ್ಕೆ ಕಟ್ಟಿ, ಕಟ್ಟೆಯ ಮೇಲಿಟ್ಟ ಗಾಜಿಗೇ ಬಾಗಿ ಮೊದಲ ಗುಟುಕನ್ನು ಹೀರಬೇಕು, ಆಮೇಲೆ ಕೈಗೆತ್ತಿಕೊಳ್ಳಬೇಕು. ಮದ್ಯ ಮುಟ್ಟದವರಿಗೂ ಕಂದು ಕೆಫೆಗಳಲ್ಲಿ ಕಾಫಿ, ಹಸಿ ಪುದೀನದ ಚಹಾ ಧಾರಾಳವಾಗಿ ಸಿಗುತ್ತವೆ, ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಸಂಜೆಯ ತಿನಿಸಾಗಿ ಎಲ್ಲೆಡೆ ಬರುವ ಬಿಟರ್‌ಬಾಲೆನ್ ನೋಡಲು ನಮ್ಮ ಬೋಂಡದಂತಿದ್ದರೂ ಸಾಮಾನ್ಯವಾಗಿ ಒಳಗಿರುವುದು ದನದ ಮಾಂಸ. ಕೇಳದೆ ಬಾಯಿಗಿಡಬೇಡಿ, ತರಕಾರಿಯದೂ ಅನೇಕ ಕಡೆ ಇರುತ್ತದೆ. ಊಟಕ್ಕೆ ನನ್ನ ಆಯ್ಕೆ ಸುರಿನಾಮಿ ಹೋಟೆಲುಗಳು. 1873ರಿಂದ ಉತ್ತರ ಭಾರತದ ಕೂಲಿಕಾರರನ್ನು ದಕ್ಷಿಣ ಅಮೆರಿಕದಲ್ಲಿದ್ದ ಡಚ್ಚರ ವಸಾಹತು ಸುರಿನಾಮಿಗೆ ಹಡಗಿನಲ್ಲಿ ಸಾಗಿಸಲಾಯಿತು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅವರ ಸಂತತಿಯ ಬಹಳ ಮಂದಿ ನೆದರ್‌ಲ್ಯಾಂಡ್ಸ್‌ಗೆ ಬಂದು ನೆಲೆಸಿದರು. ಅವರ ಹೋಟೆಲುಗಳಲ್ಲಿ ರೊಟ್ಟಿ, ಆಲೂಗಡ್ಡೆ, ಅಲಸಂದೆ ಕಾಯಿಯ ಪಲ್ಯ ಸಿಗುತ್ತದೆ. ಉದ್ದಿನ ಹಿಟ್ಟಿನ ಬರಾ ಎಂಬ ಕರಿದ ತಿಂಡಿ ಉದ್ದಿನವಡೆ ತಿಂದು ಬೆಳೆದ ನಾಲಿಗೆಗೆ ತಕ್ಷಣ ಒಗ್ಗುತ್ತದೆ.

ಐದನೆಯ ಹಂತ: ರಾತ್ರಿ ಎಲ್ಲಿಗೆ ಹೋಗಬೇಕು

ಎಂಟರಿಂದ ಹನ್ನೊಂದರವರೆಗೆ ವೇದಿಕೆ ಸಂಗೀತ, ಹನ್ನೆರಡರ ನಂತರ ನೃತ್ಯ ಎಂಬುದು ಇಲ್ಲಿನ ಸಾಮಾನ್ಯ ಕ್ರಮ. ಲೈಡ್ಸಪ್ಲೈನ್ ಚೌಕದ ಬಳಿಯ ಪಾರಾಡಿಸೊ ಹತ್ತೊಂಬತ್ತನೆಯ ಶತಮಾನದ ಚರ್ಚ್ ಕಟ್ಟಡ. 1967ರಲ್ಲಿ ಹಿಪ್ಪಿಗಳು ಅದನ್ನು ಹೊಕ್ಕರು, 1968ರಲ್ಲಿ ಅದು ಯುವಕರ ಸಂಗೀತ ಕೇಂದ್ರವಾಗಿ ತೆರೆಯಿತು. ಪಕ್ಕದ ಮೆಲ್ಕ್‌ವೆಖ್ ಹಳೆಯ ಹಾಲಿನ ಕಾರ್ಖಾನೆ, 1970ರಿಂದ ಸಂಗೀತದ ತಾಣ.  ಮುಂಗಡವಾಗಿ ಟಿಕೆಟ್ ಕೊಳ್ಳಿ. ಪಾರಾಡಿಸೊದಲ್ಲಿ ಸಾಧ್ಯವಾದರೆ ಮೇಲಿನ ಗ್ಯಾಲರಿಯಲ್ಲಿ ನಿಲ್ಲಿ, ಅಲ್ಲಿಂದ ವೇದಿಕೆಯ ಹಿಂದಿನ ಎತ್ತರದ ಕಿಟಕಿಗಳು ಚೆನ್ನಾಗಿ ಕಾಣುತ್ತವೆ.

ಹೆಚ್ಚು ಮೆಲುದನಿಯ, ಹೆಚ್ಚು ಪ್ರಯೋಗಶೀಲ ಸಂಗೀತ ಬೇಕಿದ್ದವರು ಓವರ್‌ಟೋಮ್ ರಸ್ತೆಯ ಒಟಿ301ಕ್ಕೆ ಹೋಗಬೇಕು. ಹಳೆಯ ಚಲನಚಿತ್ರ ಅಕಾಡೆಮಿಯ ಈ ಕಟ್ಟಡವನ್ನು 1999ರಲ್ಲಿ ಕಲಾವಿದರು ಹೊಕ್ಕರು, 2006ರಲ್ಲಿ ಕೊಂಡುಕೊಂಡರು. ಸಿನಿಮಾ, ಸಸ್ಯಾಹಾರಿ ಅಡುಗೆಮನೆ, ಸಂಗೀತ ಎಲ್ಲವೂ ಒಂದೇ ಸೂರಿನಡಿ ಇವೆ. ಆಮ್‌ಸ್ಟರ್‌ಡ್ಯಾಮ್‌ನ ರಾತ್ರಿಯಲ್ಲಿ ಒಂದೇ ಜಾಗಕ್ಕೆ ಸಮಯವಿದ್ದರೆ ನಾನು ಇದನ್ನೇ ಹೇಳುವೆ.

ನಡುರಾತ್ರಿಯ ನಂತರದ ನೃತ್ಯಕ್ಕೆ ಐ ದಾಟಿ ಮತ್ತೆ ಉತ್ತರಕ್ಕೆ ಹೋಗಬಹುದು. ಒಂದು ಕಾಲಕ್ಕೆ ಶೆಲ್ ಕಂಪನಿಯ ಕಚೇರಿಯಾಗಿದ್ದ ಎ'ಡಾಮ್ ಗೋಪುರದ ನೆಲಮಾಳಿಗೆಯಲ್ಲಿ 2016ರಲ್ಲಿ ಶೆಲ್ಟರ್ ಎಂಬ ಕ್ಲಬ್ ತೆರೆಯಿತು. ಇಂಥ ತಾಣಗಳಿಗೆ ಬೆಳಗಿನವರೆಗೆ ನಡೆಯಲು ಅವಕಾಶ ಸಿಕ್ಕಿದ್ದರ ಹಿಂದೆ ರಾತ್ರಿ ಬದುಕಿನ ಪರವಾಗಿ ನಗರಾಡಳಿತದೊಡನೆ ಮಾತಾಡುವ ರಾತ್ರಿಯ ಮೇಯರ್ ಎಂಬ ಸ್ಥಾನದ ದುಡಿಮೆಯಿದೆ. 2012ರಿಂದ 2018ರವರೆಗೆ ಆ ಸ್ಥಾನದಲ್ಲಿದ್ದ ಮಿರಿಕ್ ಮಿಲಾನ್, ಎಲ್ಲ ಕ್ಲಬ್ಬುಗಳೂ ಒಂದೇ ಹೊತ್ತಿಗೆ ಮುಚ್ಚಿ ಕುಡಿದ ಜನರೆಲ್ಲ ಒಟ್ಟಿಗೆ ಬೀದಿಗೆ ಬೀಳುವುದೇ ಗದ್ದಲಕ್ಕೆ ಮೂಲವೆಂದು ವಾದಿಸಿದರು. ಹೊರವಲಯದಲ್ಲಿ ಇಪ್ಪತ್ತನಾಲ್ಕು ಗಂಟೆ ತೆರೆದಿರಲು ಬಿಟ್ಟರೆ ಜನ ತಮತಮಗೆ ಬೇಕಾದಾಗ ಚದುರಿ ಮನೆ ಸೇರುತ್ತಾರೆಂಬ ಈ ವಾದವನ್ನು ನಗರಾಡಳಿತ ಒಪ್ಪಿತು. ಪತ್ರಿಕೆಯ ಮುದ್ರಣಾಲಯದಲ್ಲಿದ್ದ ಟ್ರೌ 2015ರ ಜನವರಿಯಲ್ಲಿ, ಶಾಲಾ ಕಟ್ಟಡದಲ್ಲಿದ್ದ ದ ಸ್ಖೋಲ್ 2024ರ ಜನವರಿಯಲ್ಲಿ ಮುಚ್ಚಿದವು. ಇವೆಲ್ಲ ಅವಧಿ ಕಟ್ಟಿಕೊಂಡೇ ಬರುವ ತಾಣಗಳಾದ್ದರಿಂದ ಹೊರಡುವ ವಾರದಲ್ಲಿ ಯಾವುದು ತೆರೆದಿದೆಯೆಂದು ನೋಡಿಕೊಳ್ಳಿ. ಬಾಗಿಲಲ್ಲಿ ಇಂದು ಯಾರು ನುಡಿಸುತ್ತಿದ್ದಾರೆಂದು ಕೇಳುವುದುಂಟು, ಉತ್ತರ ಗೊತ್ತಿರಲಿ. ಕೆಲವೆಡೆ ಫೋನಿನ ಕ್ಯಾಮೆರಾಕ್ಕೆ ಅಂಟುಚೀಟಿ ಹಚ್ಚುತ್ತಾರೆ, ಅದನ್ನು ಕೀಳಬೇಡಿ.

ಕೆಂಪುದೀಪದ ಬೀದಿಗಳನ್ನು ಈ ಮಾರ್ಗದಿಂದ ನಾನು ಬೇಕೆಂದೇ ಕೈಬಿಟ್ಟಿದ್ದೇನೆ. ದುಡಿಯುವ ಹೆಂಗಸರನ್ನು ಗುಂಪುಗಟ್ಟಿ ನೋಡುವುದು ನೋಡುವವರಿಗೂ ಶೋಭೆಯಲ್ಲ. ಅವರ ಕಿಟಕಿಗಳ ಮುಂದೆ ಮಾರ್ಗದರ್ಶಿತ ತಂಡಗಳನ್ನು ಒಯ್ಯುವುದಕ್ಕೆ 2020ರಿಂದ ನಿಷೇಧವಿದೆ. ದಾರಿಯಲ್ಲಿ ಹಾದುಹೋಗಬೇಕಾಗಿ ಬಂದರೆ ಕ್ಯಾಮೆರಾ ಜೇಬಿನಲ್ಲಿರಲಿ. ಅಲ್ಲಿನ ಬೀದಿಗಳಲ್ಲಿ ಗಾಂಜಾ ಸೇದುವುದಕ್ಕೆ 2023ರ ಮೇ ತಿಂಗಳಿನಿಂದ ನಿಷೇಧವಿದೆ, ಬೀದಿಯಲ್ಲಿ ಮದ್ಯ ಕುಡಿದರೂ ದಂಡ ಬೀಳುತ್ತದೆ. ಕಾಫಿಶಾಪ್ ಎಂದು ಬರೆದಿರುವುದು ಗಾಂಜಾ ಮಾರುವ ಅಂಗಡಿ, ಕಾಫಿ ಬೇಕಿದ್ದವರು ಕೆಫೆಗೆ ಹೋಗಬೇಕು. ಆ ಅಂಗಡಿಯಿಂದ ಕೊಂಡದ್ದು ಬ್ಯಾಗಿನಲ್ಲಿ ಚೂರು ಉಳಿದು ಭಾರತದ ವಿಮಾನ ನಿಲ್ದಾಣದಲ್ಲಿ ಸಿಕ್ಕರೆ ಅದು ಮಾದಕವಸ್ತು ಕಾಯ್ದೆಯಡಿ ಅಪರಾಧ. ಬೀದಿಯಲ್ಲಿ ಪಿಸುಗುಟ್ಟುತ್ತಾ ಬಂದು ಮಾರುವವರಿಂದ ಏನನ್ನೂ ಕೊಳ್ಳಲೇಬೇಡಿ; 2014ರಲ್ಲಿ ಹಾಗೆ ಕೊಕೇನ್ ಎಂದು ಕೊಂಡದ್ದು ಹೆರಾಯಿನ್ ಆಗಿದ್ದು ಪ್ರವಾಸಿಗರು ಸತ್ತರು.

ಇನ್ನೊಂದು ದಿನವಿದ್ದರೆ

ಅದನ್ನು ಪಶ್ಚಿಮಕ್ಕೆ ಕೊಡಿ. ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ 1986ರಲ್ಲಿ ಸ್ಟೇಡಲಿಕ್ ವಸ್ತುಸಂಗ್ರಹಾಲಯದ ಪ್ರದರ್ಶನಕ್ಕೆ ಬಂದಿದ್ದಾಗ ಯಾನ್ ವಾನ್ ಖಾಲೆನ್‌ಸ್ಟ್ರಾಟ್ ಬಳಿಯ ಸಗಟು ಮಾರುಕಟ್ಟೆಯಲ್ಲಿ ಸಂಗ್ರಹಾಲಯದ ಉಗ್ರಾಣದ ಇಟ್ಟಿಗೆ ಗೋಡೆಯ ಮೇಲೆ ಬಿಳಿ ಗೆರೆಗಳಲ್ಲಿ ಬೃಹತ್ತಾದ ಜಲಪ್ರಾಣಿಯೊಂದನ್ನು ಬಿಡಿಸಿದ. ಮುಂದೆ ಕಟ್ಟಡಕ್ಕೆ ಲೋಹದ ಹೊದಿಕೆ ಹಾಕಿದ್ದರಿಂದ ಚಿತ್ರ ಸುಮಾರು ಮೂರು ದಶಕ ಮುಚ್ಚಿಹೋಗಿತ್ತು. 2018ರಲ್ಲಿ ಹೊದಿಕೆ ಬಿಚ್ಚಿದಾಗ ಗೆರೆಗಳು ಹಾಗೆಯೇ ಉಳಿದಿದ್ದವು. ಆ ಪ್ರದೇಶದಲ್ಲಿ ಹೊಸ ಬಡಾವಣೆಯ ಕಾಮಗಾರಿಯಿರುವುದರಿಂದ ನೋಡಲು ಸಾಧ್ಯವೇ ಎಂದು ಮೊದಲೇ ವಿಚಾರಿಸಿ. ಇನ್ನೂ ಪಶ್ಚಿಮಕ್ಕೆ, ಯುದ್ಧಾನಂತರ ಕಟ್ಟಿದ ನ್ಯೂ-ವೆಸ್ಟ್ ಬಡಾವಣೆಯ ವಸತಿ ಸಮುಚ್ಚಯಗಳ ಮೇಲೆ ಸ್ಟ್ರೀಟ್ ಆರ್ಟ್ ಮ್ಯೂಸಿಯಂ ಆಮ್‌ಸ್ಟರ್‌ಡ್ಯಾಮ್ ಎಂಬ ಸಂಸ್ಥೆ ಬರೆಸಿದ ಚಿತ್ರಗಳಿವೆ. ಅಲ್ಲಿನ ನಿವಾಸಿಗಳ ಒಪ್ಪಿಗೆಯೊಂದಿಗೆ ಆದ ಕೆಲಸವದು. ಅವರದೇ ಮಾರ್ಗದರ್ಶಿಗಳೊಡನೆ ನಡೆಯುವುದು ಲೇಸು.

ಕೊನೆಯ ಹಂತ: ಮರಳುವುದು

ಟ್ರಾಮ್, ಮೆಟ್ರೊಗಳು ನಡುರಾತ್ರಿ ಕಳೆದು ಅರ್ಧ ಗಂಟೆಯ ಸುಮಾರಿಗೆ ನಿಲ್ಲುತ್ತವೆ. ಆಮೇಲೆ ಎನ್ ಅಕ್ಷರದಿಂದ ಆರಂಭವಾಗುವ ರಾತ್ರಿ ಬಸ್ಸುಗಳು ಓಡುತ್ತವೆ. ಬೌಕ್ಸ್‌ಲೋಟರ್‌ವೆಖ್ ದೋಣಿ ರಾತ್ರಿಯಿಡೀ ಇರುತ್ತದೆ, ಎನ್‌ಡಿಎಸ್ಎಂ ದೋಣಿ ಹಾಗಲ್ಲ. ಅಲ್ಲಿ ಸಂಜೆ ಕಳೆಯುವವರು ಕಟ್ಟೆಯ ಫಲಕದಲ್ಲಿ ಕೊನೆಯ ದೋಣಿಯ ಹೊತ್ತನ್ನು ಇಳಿದೊಡನೆಯೇ ಗುರುತು ಹಾಕಿಕೊಳ್ಳಿ. ನಡೆದೇ ಹೋಗುವುದಾದರೆ ಕೆಂಪು ಡಾಂಬರಿನ ಪಟ್ಟಿ ಸೈಕಲ್ಲುಗಳದು, ಅದರ ಮೇಲೆ ಕಾಲಿಡಬೇಡಿ. ರಾತ್ರಿ ಎರಡು ಗಂಟೆಗೂ ಅವು ವೇಗವಾಗಿಯೇ ಬರುತ್ತವೆ. ಕಾಲುವೆಯಂಚುಗಳಲ್ಲಿ ಬಹಳೆಡೆ ತಡೆಗೋಡೆಯಿಲ್ಲ. ನೀರಿನ ಆಳ ಮೂರು ಮೀಟರ್, ಒಂದು ಮೀಟರ್ ಕೆಸರು, ಒಂದು ಮೀಟರ್ ಸೈಕಲ್, ಒಂದು ಮೀಟರ್ ನೀರು ಎಂದು ಊರವರು ಹೇಳುತ್ತಾರೆ. ಕುಡಿದು ಅಂಚಿನಲ್ಲಿ ನಿಂತು ಮೂತ್ರಕ್ಕೆ ಹೋಗುವಾಗ ಜಾರಿಬಿದ್ದು ಸತ್ತವರಿದ್ದಾರೆ, ಆದ್ದರಿಂದ ಕ್ಲಬ್ಬಿನಿಂದ ಹೊರಡುವ ಮುನ್ನವೇ ಶೌಚಾಲಯಕ್ಕೆ ಹೋಗಿ, ಮನೆಗಳ ಗೋಡೆಯ ಬದಿಯಲ್ಲಿ ನಡೆಯಿರಿ.